ಅಪ್ಪ-ಅಮ್ಮನೇ ಹೌದು ಅನ್ನೋದಕ್ಕೆ ಪುರಾವೆ

ಮಗನಿಗೋ ಮಗಳಿಗೋ ಅಮೆರಿಕದ ಪೌರತ್ವ ಸಿಕ್ಕಿತು ಅಂತ ಬೀದಿಗೆಲ್ಲ ಮೈಸೂರುಪಾಕು ಹಂಚಿದ ಮೇಲೆ ಮುಂದಿನ ಫೋನು ಯಾವುದು ಅಂತ ನಿಮಗೂ ಗೊತ್ತು. “ಅಮ್ಮಾ, ನಿಮ್ಮಿಬ್ಬರಿಗೂ ಗ್ರೀನ್‌ಕಾರ್ಡಿಗೆ ಹಾಕಿಬಿಡ್ತೀನಿ. ಬರ್ತ್ ಸರ್ಟಿಫಿಕೇಟ್ ಒಂದು ವಾಟ್ಸಾಪ್ ಮಾಡು.” ಒಂದು ವಾಟ್ಸಾಪ್ ಮಾಡೋದಂತೆ! ನಮ್ಮ ಕಾಲದವರಿಗೆ ಬರ್ತ್ ಏನೋ ಆಗಿತ್ತು, ಸರ್ಟಿಫಿಕೇಟ್ ಎಲ್ಲಿತ್ತು? ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೆ ಮುಂಚಿನ ನಮ್ಮಂಥವರಲ್ಲಿ ಎಷ್ಟೋ ಜನ ಅಜ್ಜಿ ಮನೆಯ ಬಾಣಂತಿ ಕೋಣೆಯಲ್ಲಿ ಸೂಲಗಿತ್ತಿಯ ಕೈಗೆ ಬಂದವರು. ಆಕೆ ರಸೀದಿ ಕೊಡ್ತಾ ಇರಲಿಲ್ಲವಲ್ಲ.

ಹುಟ್ಟಿದ ತಾರೀಕು ಅಂತ ಒಂದನ್ನು ಕೊಟ್ಟವರು ಶಾಲೆಯ ಹೆಡ್‌ಮಾಸ್ತರು. ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಕಿವಿ ಮುಟ್ಟಿದರೆ ಒಂದನೇ ಕ್ಲಾಸು, ಮುಟ್ಟದಿದ್ದರೆ ವಾಪಸ್ ಮನೆಗೆ. ನನ್ನ ಸೋದರಮಾವ ಒಬ್ಬರಿದ್ದರು, ಕೈ ಸ್ವಲ್ಪ ಉದ್ದ. ಅಣ್ಣನಿಗಿಂತ ಮೊದಲೇ ಕಿವಿ ಮುಟ್ಟಿಬಿಟ್ಟರು. ಕಾಗದದಲ್ಲಿ ಕಡೆಯವರೆಗೂ ಅಣ್ಣನಿಗಿಂತ ದೊಡ್ಡವರಾಗಿಯೇ ಉಳಿದರು, ಸರ್ಕಾರಿ ಕೆಲಸದಿಂದ ರಿಟೈರೂ ಮೊದಲೇ ಆದರು. “ಕೈ ಮಡಚಿಕೊಂಡಿದ್ದಿದ್ರೆ ಇನ್ನೆರಡು ವರ್ಷ ಸಂಬಳ ಬರ್ತಿತ್ತು” ಅಂತ ಅತ್ತೆ ಆಗಾಗ ಕುಟುಕೋರು.

ಹೋಗಲಿ, ಸರ್ಟಿಫಿಕೇಟ್ ಇಲ್ಲದಿದ್ದರೆ ಅಮೆರಿಕದವರು ಬೇಡ ಅನ್ನೋದಿಲ್ಲ. ‘ದಾಖಲೆ ಲಭ್ಯವಿಲ್ಲ’ ಅನ್ನೋದಕ್ಕೂ ಒಂದು ದಾಖಲೆ ತನ್ನಿ ಅಂತಾರೆ, ಅಷ್ಟೇ. ಅದರ ಜೊತೆಗೆ ನೀವು ಹುಟ್ಟಿದ್ದನ್ನು ಬಲ್ಲ ಹಿರಿಯರ ಅಫಿಡವಿಟ್ಟು. ಎಪ್ಪತ್ತೈದು ದಾಟಿದವರು ತಮ್ಮ ಜನನಕ್ಕೆ ಸಾಕ್ಷಿಯನ್ನು ಎಲ್ಲಿಂದ ಹಿಡಿದು ತರಬೇಕು ಹೇಳಿ? ಊರಲ್ಲಿ ತೊಂಬತ್ತರ ಚಿಕ್ಕಮ್ಮ ಯಾರಾದರೂ ಇದ್ದರೆ ಅವರಿಗೆ ಈಗ ಏಕಾಏಕಿ ಬೇಡಿಕೆ. ಮೂವತ್ತು ವರ್ಷ ಹೊಸ್ತಿಲು ತುಳಿಯದವರೆಲ್ಲ ಹಣ್ಣುಕಾಯಿ ಹಿಡಿದು, ಪಕ್ಕದಲ್ಲಿ ನೋಟರಿಯನ್ನೂ ಕರಕೊಂಡು ಹೋಗ್ತಾರೆ.

ಆಮೇಲೆ ಮದುವೆಯದು. ನಮ್ಮ ರಾಜ್ಯದಲ್ಲಿ ಮದುವೆ ನೋಂದಣಿಗೆಂದೇ 1976ರಲ್ಲಿ ಒಂದು ಕಾಯ್ದೆ ಆಯಿತು, ನಿಜ. ಆದರೆ ಛತ್ರದಲ್ಲಿ ಐನೂರು ಜನ ಉಂಡು ಹೋದ ಮೇಲೆ ಅದನ್ನು ಇನ್ನೊಂದು ಆಫೀಸಿಗೆ ಹೋಗಿ ಹೇಳಬೇಕು ಅಂತ ಯಾರಿಗೆ ಹೊಳೆದೀತು? ಹಾಗಾಗಿ ಈಗ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಡಬೇಕು ನೀವು. ಹಿಂದಿನ ಬೆಂಚಿನಲ್ಲಿ ಮನೆಯವರಿಗೆ ಹೇಳದೆ ಬಂದ ಹುಡುಗ ಹುಡುಗಿ, ಮುಂದಿನದರಲ್ಲಿ ಮಂಡಿನೋವಿನ ದಂಪತಿ. ಎರಡೂ ಜೋಡಿಗೆ ಅದೇ ಫಾರಂ, ಅದೇ ಸಾಕ್ಷಿ. ಜೋಡಿ ಫೋಟೊ ಬೇಕು ಅಂತ ಸ್ಟುಡಿಯೋಗೆ ಹೋದರೆ ಅಲ್ಲಿನ ಹುಡುಗ “ಸ್ವಲ್ಪ ಹತ್ತಿರ ನಿಂತ್ಕೊಳ್ಳಿ ಸಾರ್” ಅಂತಾನೆ. ಯಜಮಾನರು ಕೆಮ್ಮುತ್ತಾರೆ. ಲಗ್ನಪತ್ರಿಕೆ ಸಿಕ್ಕರೂ ಅದರಲ್ಲಿರೋದು ಮನೆಯಲ್ಲಿ ಕರೆಯೋ ಹೆಸರು. ಧಾರವಾಡದ ಕಡೆಯ ನಮ್ಮ ಪರಿಚಯದವರದು ಇನ್ನೂ ಮಜಾ. ತವರಲ್ಲಿ ಒಂದು ಹೆಸರು, ಮದುವೆ ದಿನ ಅಕ್ಕಿಯಲ್ಲಿ ಬರೆದದ್ದು ಇನ್ನೊಂದು. ಮೆಟ್ರಿಕ್ ಪಾಸಾದವಳು ಒಬ್ಬಳು, ಮಕ್ಕಳನ್ನು ಹೆತ್ತವಳು ಮತ್ತೊಬ್ಬಳು. ಇಬ್ಬರೂ ಒಬ್ಬರೇ ಅಂತ ಛಾಪಾ ಕಾಗದದ ಮೇಲೆ ಬರೆಸಿದ್ದಾಯ್ತು.

ಹೆಸರು ಅಂದಾಗ ನೆನಪಾಯ್ತು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿರುತ್ತೀವಲ್ಲ, ಬರೀ ‘ಲಕ್ಷ್ಮಮ್ಮ’ ಅಂತ. ವೀಸಾದಲ್ಲಿ ಆ ಲಕ್ಷ್ಮಮ್ಮ ಸರ್‌ನೇಮ್ ಆಗಿಬಿಡ್ತಾರೆ, ಮುಂದೆ ‘ಎಫ್‌ಎನ್‌ಯು’ ಅಂತ ಮೂರಕ್ಷರ ಕೂರುತ್ತೆ. ಫಸ್ಟ್ ನೇಮ್ ಅನ್‌ನೋನ್ ಅಂತೆ. ಅಲ್ಲಿನ ಆಸ್ಪತ್ರೆಯಲ್ಲಿ ನರ್ಸಮ್ಮ “ಫನೂ” ಅಂತ ಕೂಗಿದರೆ ಇವರು ಯಾರನ್ನೋ ಅಂತ ಸುಮ್ಮನೆ ಕೂತಿರ್ತಾರೆ. ಯಜಮಾನರಿಗೂ ಇನಿಶಿಯಲ್ಲೇ ಗತಿಯಾಗಿದ್ದು ಸರ್‌ನೇಮ್ ಇಲ್ಲದಿದ್ದರೆ ಗಂಡನೂ ಫನೂ, ಹೆಂಡತಿಯೂ ಫನೂ. ಗಂಡನ ಹೆಸರು ಹಿಡಿದು ಕರೆಯದ ನಮ್ಮ ಅಜ್ಜಿಯಂದಿರಿಗೆ ಇದು ಎಷ್ಟು ಅನುಕೂಲ ಆಗ್ತಿತ್ತು, ಅಲ್ವಾ?

ಇಷ್ಟೆಲ್ಲ ಪಾಡಾದರೂ ಒಂದು ಮಾತು ಒಪ್ಪಬೇಕು. ಇಪ್ಪತ್ತೊಂದು ತುಂಬಿದ ಪೌರರ ತಂದೆತಾಯಿಗೆ ವರ್ಷಕ್ಕಿಷ್ಟೇ ಅನ್ನೋ ಮಿತಿ ಇಲ್ಲ. 1965ರ ಕಾಯ್ದೆ ಮಾಡಿದ ಉಪಕಾರ ಅದು. ಒಡಹುಟ್ಟಿದವರಿಗಾದರೆ ಭಾರತದ ಸಾಲು ಹದಿನೈದು ವರ್ಷಕ್ಕೂ ಮೀರಿದ್ದು. ಅಪ್ಪ ಅಮ್ಮನ ಬಾಲ ಹಿಡಿದು ಮದುವೆಯಾಗದ ತಮ್ಮನೂ ಹೋಗಿಬಿಡಬಹುದು ಅಂದುಕೊಂಡವರುಂಟು, ಅದಕ್ಕೆ ಅವಕಾಶ ಇಲ್ಲ. ಅಪ್ಪನಿಗೊಂದು ಅರ್ಜಿ, ಅಮ್ಮನಿಗೊಂದು ಅರ್ಜಿ, ಫೀಸೂ ಬೇರೆಬೇರೆ.

ಮಗ ಬರೆದುಕೊಡೋ ಜವಾಬ್ದಾರಿ ಪತ್ರ ಓದಿದ್ದೀರಾ? ಅವನ ವರಮಾನ ಅಲ್ಲಿನ ಬಡತನದ ಅಳತೆಗಿಂತ ಕಾಲುಭಾಗ ಮೇಲಿರಬೇಕು. ಲೆಕ್ಕಕ್ಕೆ ಹೆಂಡತಿ, ಮಕ್ಕಳು, ಹೊಸದಾಗಿ ಬರೋ ನಾವಿಬ್ಬರು ಎಲ್ಲ ಸೇರಿ. ಆ ಮಾತು ಮುಗಿಯೋದು ನಾವು ಅಲ್ಲಿನ ಪೌರರಾದರೆ, ಹತ್ತು ವರ್ಷದ ದುಡಿಮೆ ಲೆಕ್ಕಕ್ಕೆ ಸೇರಿದರೆ, ಅಲ್ಲಿನ ವಾಸ ಬಿಟ್ಟು ಹೊರಟರೆ, ಇಲ್ಲವೇ ಅವನೋ ನಾವೋ ಕಣ್ಣು ಮುಚ್ಚಿದರೆ. ಅತ್ತೆ-ಸೊಸೆ ಮಾತು ಬಿಟ್ಟರೆ ಮುಗಿಯೋದಿಲ್ಲ!

ಮೆಡಿಕಲ್ಲು ಅಂದರೆ ಎದೆಯ ಎಕ್ಸ್‌ರೇ, ಜೊತೆಗೆ ಲಸಿಕೆ. ಮೊಮ್ಮಗನನ್ನು ಚುಚ್ಚುಮದ್ದಿಗೆ ಎತ್ತಿಕೊಂಡು ಹೋಗ್ತಿದ್ದ ತಾತ ಈಗ ತಾವೇ ತೋಳು ಮಡಚಿ ಸೀತಾಳೆ ಸಿಡುಬು ಬಂದಿತ್ತೇ, ಇಲ್ಲವೇ ಅಂತ ಉತ್ತರ ಕೊಡಬೇಕು. ಸಂದರ್ಶನ ಮುಂಬೈನಲ್ಲಿ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಕಾನ್ಸುಲೇಟಿನಲ್ಲಿ. ಹೇಗೂ ಹೋಗಿದ್ದೀವಿ ಅಂತ ಸಿದ್ಧಿವಿನಾಯಕನ ದರ್ಶನವೂ ಆಗುತ್ತೆ ಅನ್ನಿ.

ಕಾರ್ಡು ಕೈಗೆ ಬಂದ ಮೇಲೆ ಶುರು ನಿಜವಾದ ಫಜೀತಿ. ಅದು ಅಲ್ಲಿ ವಾಸ ಮಾಡೋರಿಗೆ ಕೊಡೋ ಕಾರ್ಡು. ನಮ್ಮವರು ಅದನ್ನು ಬಸ್ ಪಾಸಿನ ಹಾಗೆ ಬಳಸ್ತಾರೆ. ಯುಗಾದಿಗೆ ಇಲ್ಲಿ, ಬೇಸಿಗೆಗೆ ಅಲ್ಲಿ, ತೆಂಗಿನಕಾಯಿ ಕೀಳಿಸೋ ಹೊತ್ತಿಗೆ ಮತ್ತೆ ಇಲ್ಲಿ. ಮುಂಚಿತವಾಗಿ ರೀಎಂಟ್ರಿ ಪರ್ಮಿಟ್ ಮಾಡಿಸದೆ ಒಂದು ವರ್ಷ ಮೀರಿ ಹೊರಗಿದ್ದರೆ ಆ ಕಾರ್ಡಿನಿಂದ ಒಳಗೆ ಹೋಗೋಕಾಗಲ್ಲ. ಆರು ತಿಂಗಳಿಗೊಮ್ಮೆ ಮುಖ ತೋರಿಸಿದರೂ “ನಿಮ್ಮ ಮನೆ ಯಾವುದು?” ಅಂತ ಏರ್‌ಪೋರ್ಟಿನ ಅಧಿಕಾರಿ ಕೇಳಬಹುದು. ಮೆಡಿಕೇರ್ ಕೊಳ್ಳೋದಕ್ಕೂ ಅರವತ್ತೈದಾಗಿ, ಐದು ವರ್ಷ ಅಲ್ಲೇ ಇದ್ದಿರಬೇಕು.

ನನ್ನನ್ನು ಕೇಳಿದರೆ, ಕೈಕಾಲು ಗಟ್ಟಿ ಇರೋ ಜೋಡಿಗೆ ಹತ್ತು ವರ್ಷದ ವಿಸಿಟರ್ ವೀಸಾನೇ ಚೆನ್ನ. ಮೊಮ್ಮಕ್ಕಳನ್ನು ಆಡಿಸಿ, ಉಪ್ಪಿನಕಾಯಿ ಹಾಕಿಕೊಟ್ಟು, ಬೇಜಾರಾಗೋ ಮುಂಚೆ ವಾಪಸ್ ಬರಬಹುದು. ಗ್ರೀನ್‌ಕಾರ್ಡು ಒಬ್ಬರೇ ಉಳಿದ ಮೇಲಿನ ಮಾತು. ಆದರೆ ಮದುವೆಯ ಸರ್ಟಿಫಿಕೇಟು ಮಾತ್ರ ಒಬ್ಬರೇ ಉಳಿದ ಮೇಲೆ ಮಾಡಿಸೋಕೆ ಬರೋದಿಲ್ಲ. ಇಬ್ಬರೂ ಸಹಿ ಹಾಕೋ ಹಾಗಿರುವಾಗಲೇ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಒಮ್ಮೆ ಹೋಗಿಬನ್ನಿ. ಅಟ್ಟದ ಟ್ರಂಕಿನಲ್ಲಿ ಲಗ್ನಪತ್ರಿಕೆ ಇದೆಯಾ ಅಂತ ಈ ಭಾನುವಾರವೇ ನೋಡಿ.