ಹಾರ್ನ್ ಹೊಡೆದರೆ ಹಸಿರು

“ಕೇಳಿದಿರಾ ರಾಯರೇ, ಅಮೆರಿಕದಲ್ಲಿ ಕೆಂಪು ದೀಪ ಇದ್ದಾಗಲೇ ಬೈಕಿನವರು ದಾಟಬಹುದಂತೆ. ಅದೂ ಕಾನೂನು ಪ್ರಕಾರ!”

ಗಿಡಕ್ಕೆ ನೀರು ಬಿಡುತ್ತಿದ್ದ ರಾಯರು ಕಾಂಪೌಂಡಿನ ಹತ್ತಿರ ಬಂದರು. “ನಮ್ಮವರು ಕಾನೂನು ಬರೋವರೆಗೂ ಕಾಯಲಿಲ್ಲ, ಅಷ್ಟೇ ವ್ಯತ್ಯಾಸ.”

“ಹಾಗಲ್ಲ. ನನ್ನ ತಂಗಿ ಮಗ ವರ್ಜೀನಿಯಾದಲ್ಲಿ ಬೈಕ್ ಇಟ್ಟಿದ್ದಾನಲ್ಲ, ಅವನು ಹೇಳಿದ್ದು. ಅಲ್ಲಿ ಎಷ್ಟೋ ಸಿಗ್ನಲ್‌ಗಳಿಗೆ ಇಷ್ಟು ಸೆಕೆಂಡಿಗೆ ಹಸಿರು ಅನ್ನೋ ಲೆಕ್ಕವೇ ಇಲ್ಲ. ಡಾಂಬರು ಕೊಯ್ದು ಒಳಗೆ ತಂತಿ ಸುರುಳಿ ಹೂತಿರ್ತಾರೆ. ಅದರಲ್ಲಿ ಸಣ್ಣಗೆ ಕರೆಂಟು ಹರೀತಿರುತ್ತೆ. ಮೇಲೆ ಕಾರು ಬಂದು ನಿಂತರೆ ಆ ಕರೆಂಟಿನ ನಡೆ ಒಂಚೂರು ಬದಲಾಗುತ್ತೆ, ಪೆಟ್ಟಿಗೆಯೊಳಗಿನ ಯಂತ್ರ ‘ಯಾರೋ ಬಂದರು’ ಅಂತ ಹಸಿರು ಕೊಡುತ್ತೆ. ಬೈಕು ಬಂದರೆ ಕೆಲವು ಕಡೆ ಅದಕ್ಕೆ ಗೊತ್ತೇ ಆಗಲ್ಲ. ಸರಿರಾತ್ರೀಲಿ ಅಡ್ಡರಸ್ತೆಯಲ್ಲಿ ಒಬ್ಬನೇ ಸಿಕ್ಕಿಕೊಂಡನೋ, ಹಿಂದೆ ಯಾವುದಾದರೂ ಕಾರು ಬರೋ ತನಕ ಕೆಂಪೇ ಗತಿ.”

“ತೂಕ ಸಾಲದೇನೋ. ನನ್ನಂಥವನನ್ನ ಹಿಂದೆ ಕೂರಿಸಿಕೊಂಡರೆ?”

“ನಿಮ್ಮಂಥ ಇಬ್ಬರು ಕೂತರೂ ಅಷ್ಟೇ. ಅದು ತೂಕ ನೋಡೋದಲ್ಲ. ಲೋಹ ಎಷ್ಟು ಹರಡಿಕೊಂಡಿದೆ, ತಂತಿಗೆ ಎಷ್ಟು ಹತ್ತಿರ ಇದೆ, ಇಷ್ಟೇ ವಿಷಯ. ಅದಕ್ಕೇ ಬಲ್ಲವರು ರಸ್ತೆಯಲ್ಲಿ ಕೊಯ್ದ ಗುರುತು ಹುಡುಕಿ, ಎರಡೂ ಚಕ್ರ ಆ ಗೆರೆ ಮೇಲೇ ಬರೋ ಹಾಗೆ ನಿಲ್ತಾರೆ. ಇನ್ನು ಕೆಲವರು ಬೈಕಿನ ಹೊಟ್ಟೆಗೆ ಅಯಸ್ಕಾಂತ ಕಟ್ಟಿಕೊಳ್ತಾರೆ. ಅದಕ್ಕೆಂದೇ ಮಾರ್ತಾರೆ ಬೇರೆ.”

“ಕೆಲಸ ಮಾಡುತ್ತಾ?”

“ದುಡ್ಡು ದಂಡ. ಸುರುಳಿಗೆ ಬೇಕಾದ್ದು ಅಯಸ್ಕಾಂತ ಅಲ್ಲ, ಕರೆಂಟು ಹರಿಯೋ ಲೋಹ. ಅಲ್ಯೂಮಿನಿಯಮ್‌ಗೆ ಅಯಸ್ಕಾಂತ ಅಂಟೋದೇ ಇಲ್ಲ, ಸುರುಳಿಗೆ ಮಾತ್ರ ಚೆನ್ನಾಗಿ ತಿಳಿಯುತ್ತೆ.”

“ಒಟ್ಟಲ್ಲಿ ಬೈಕಿಗೆ ತಾಯಿತ ಅನ್ನಿ.”

“ಅದೇ. ಕಾದು ಕಾದು ಬೇಸತ್ತವರು ಗಲಾಟೆ ಮಾಡಿದ್ದಕ್ಕೆ ಕಾನೂನು ಬಂತು. 2002ರಲ್ಲಿ ಮಿನೆಸೋಟಾದಲ್ಲಿ ಶುರು. ವಿಸ್ಕಾನ್ಸಿನ್‌ನಲ್ಲಿ 45 ಸೆಕೆಂಡು ಕಾದರೆ ಸಾಕು. ನಮ್ಮ ಹುಡುಗನ ವರ್ಜೀನಿಯಾದಲ್ಲಿ ದೀಪ ಎರಡು ಸುತ್ತು ಮುಗಿಸಬೇಕು, ಇಲ್ಲಾ ಎರಡು ನಿಮಿಷ ಆಗಬೇಕು, ಯಾವುದು ಮೊದಲೋ ಅದು. ಆಮೇಲೂ ಪೂರ್ತಿ ನಿಂತು, ಆ ಕಡೆ ಈ ಕಡೆ ನೋಡಿ, ಬರೋರಿಗೆ ದಾರಿ ಬಿಟ್ಟೇ ಹೋಗಬೇಕು. ಇಲಿನಾಯ್‌ನಲ್ಲೂ ಇದೆ, ಷಿಕಾಗೋ ಊರೊಳಗೆ ಮಾತ್ರ ನಡೆಯಲ್ಲ. ಕ್ಯಾಲಿಫೋರ್ನಿಯಾದವರ ದಾರಿ ಬೇರೆ: ಹೊಸದಾಗಿ ಹಾಕೋ ಸುರುಳಿಗೆ ಬೈಕು, ಸೈಕಲ್ಲು ಎರಡೂ ಗೊತ್ತಾಗಬೇಕು ಅಂತ 2007ರಲ್ಲಿ ಕಾನೂನು ಮಾಡಿದರು. ನನಗೇನೋ ಅದೇ ಸರಿ ಅನ್ನಿಸುತ್ತೆ. ಕುರುಡು ದೀಪದ್ದಾದರೆ ಚಿಕಿತ್ಸೆಯೂ ದೀಪಕ್ಕೇ ಆಗಲಿ.”

“ಎರಡು ನಿಮಿಷ ಸುಮ್ಮನೆ ನಿಲ್ತಾರಾ? ಇಲ್ಲಿ ಇನ್ನೂ ಹತ್ತು ಸೆಕೆಂಡು ಇರೋವಾಗಲೇ ಹಿಂದಿನವನು ಹಾರ್ನ್ ಬಾರಿಸ್ತಾನೆ. ಹಾರ್ನ್ ಹೊಡೆದರೆ ಹಸಿರು ಬರುತ್ತೇನ್ರೀ?”

“ಬರ್ತಿತ್ತು ರಾಯರೇ! 1928ರಲ್ಲಿ, ಬಾಲ್ಟಿಮೋರ್‌ನಲ್ಲಿ. ಚಾರ್ಲ್ಸ್ ಆಡ್ಲರ್ ಅಂತ ಒಬ್ಬರು ಅಂಥದ್ದೇ ಸಿಗ್ನಲ್ ಕಂಡುಹಿಡಿದು ನಿಲ್ಲಿಸಿದ್ದರು. ಅಡ್ಡರಸ್ತೆಯಿಂದ ಬಂದವನು ಹಾರ್ನ್ ಹೊಡೆಯಬೇಕು, ಅಲ್ಲಿಟ್ಟ ಮೈಕು ಅದನ್ನ ಕೇಳಿಸಿಕೊಂಡು ದೀಪ ಬದಲಾಯಿಸಬೇಕು. ಪಕ್ಕದ ಮನೆಯವರು ಅದು ಹೇಗೆ ನಿದ್ದೆ ಮಾಡಿದರೋ!”

ರಾಯರು ಪೈಪಿನ ನೀರು ಅಂಗಳವೆಲ್ಲ ಹರಿಯುತ್ತಿದ್ದದ್ದನ್ನೂ ಗಮನಿಸದೆ ಯೋಚಿಸಿದರು. “ಅದನ್ನೇನಾದರೂ ಸಿಲ್ಕ್ ಬೋರ್ಡ್‌ನಲ್ಲಿ ತಂದಿಟ್ಟರೆ,” ಅಂದರು, “ನಾಲ್ಕೂ ಕಡೆಗೂ ಒಟ್ಟಿಗೇ ಹಸಿರು ಬರುತ್ತಲ್ರೀ!”