ಮನೆ ಸರ್ವರ್: ಕೊಳ್ಳುವ ಮುನ್ನ ಓದತಕ್ಕ ಕೈಪಿಡಿ

ಎಚ್ಚರಿಕೆ: ಈ ಕೈಪಿಡಿ ಓದಿ ಮುಗಿಸುವವರೆಗೆ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿನ ಕಡೆ ಗಾಡಿ ತಿರುಗಿಸಬಾರದು.

ಹಂತ 1. ಮನೆಯವರಿಗೆ ಹೇಳಲು ಕಾರಣ ಸಿದ್ಧಮಾಡಿಕೊಳ್ಳಿ. 2021ರ ಜೂನ್ 1ಕ್ಕೆ ಗೂಗಲ್ ಫೋಟೋಸ್‌ನ ಪುಕ್ಕಟೆ ದಾಸೋಹ ನಿಂತಿತು. ಉಳಿದದ್ದು 15 ಜಿಬಿ, ಅದರಲ್ಲೂ ಜಿಮೇಲ್‌ಗೆ ಪಾಲು. ಒಂದು ನಾಮಕರಣ, ಒಂದು ಗೃಹಪ್ರವೇಶದ ವಿಡಿಯೊ ಬಿದ್ದರೆ ಮುಗಿಯಿತು. ಆದ್ದರಿಂದ ಫೋಟೊ ಇಡಲು ಮನೆಯಲ್ಲೇ ಒಂದು ಸರ್ವರ್ ಬೇಕು. ಇಷ್ಟು ಹೇಳಿ ನಿಲ್ಲಿಸಿ. ಲಿನಕ್ಸ್ ಜೊತೆ ಆಟವಾಡುವ ಆಸೆ ಎಂಬ ಅಸಲಿ ಕಾರಣ ಬಾಯಿಬಿಡುವುದು ಕಡ್ಡಾಯವಲ್ಲ.

ಹಂತ 2. ಪೆಟ್ಟಿಗೆ. ಅಟ್ಟದ ಮೇಲಿನ ಹಳೇ ಡೆಸ್ಕ್‌ಟಾಪ್ ಪುಕ್ಕಟೆಯಲ್ಲವೇ ಎಂದು ಇಳಿಸುವ ಮೊದಲು ಲೆಕ್ಕ ಹಾಕಿ. 80 ವ್ಯಾಟ್ ಎಳೆಯುವ ಯಂತ್ರ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 57 ಯೂನಿಟ್ ದಾಟುತ್ತದೆ. ಗೃಹಜ್ಯೋತಿಯ ಪುಕ್ಕಟೆ ಕರೆಂಟಿನ 200 ಯೂನಿಟ್ ಅಂಚಿನಲ್ಲೇ ಸಂಸಾರ ನಡೆಸುವವರಿಗೆ ಆ ತಿಂಗಳ ಬಿಲ್ಲು ಪೂರ್ತಿ ತಲೆಗೆ ಬರುತ್ತದೆ. ಆಫೀಸುಗಳು ಕೈಬಿಟ್ಟ, ಪುಸ್ತಕದಷ್ಟು ದೊಡ್ಡ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿಯೋ, ಇಂಟೆಲ್ ಎನ್100 ಇರುವ ಹೊಸದೋ ಸಾಕು. 15 ವ್ಯಾಟ್ ಎಂದೇ ಹಿಡಿದರೂ 11 ಯೂನಿಟ್‌ನೊಳಗೆ ಮುಗಿಯುತ್ತದೆ. 8 ಜಿಬಿ ರ್‍ಯಾಮ್‌ನಲ್ಲಿ ನೆಕ್ಸ್ಟ್‌ಕ್ಲೌಡ್ ಎಂಬ ಫೋಟೊ, ಫೈಲು ಕಾಯುವ ತಂತ್ರಾಂಶ ಆರಾಮಾಗಿ ನಡೆಯುತ್ತದೆ. 64 ಬೇಕು ಎನ್ನುವ ಗೆಳೆಯ ಸಿಕ್ಕರೆ ಕಾಫಿ ಕುಡಿಸಿ ಕಳಿಸಿ.

ಹಳೇ ಲ್ಯಾಪ್‌ಟಾಪ್ ಇದ್ದರೆ ಅದೂ ಆದೀತು. ಬ್ಯಾಟರಿಯೇ ಯುಪಿಎಸ್. ಆದರೆ ಟಚ್‌ಪ್ಯಾಡ್ ಮೇಲೆ ಬೆರಳಾಡಿಸಿ ನೋಡಿ: ಒಂದು ಬದಿ ಉಬ್ಬಿದ್ದರೆ ಕೆಳಗೆ ಬ್ಯಾಟರಿ ಊದಿಕೊಂಡಿರಬಹುದು. ತಕ್ಷಣ ಪ್ಲಗ್ ಕೀಳಿ. ಇದು ತಮಾಷೆಯಲ್ಲ.

ರಾಸ್ಪ್‌ಬೆರಿ ಪೈ ಎಂಬ ಪುಟಾಣಿ ಕಂಪ್ಯೂಟರು ಮುದ್ದಾಗಿದೆ, ಒಪ್ಪಿದೆ. ಅಡಾಪ್ಟರು, ಡಬ್ಬಿ, ಫ್ಯಾನು, ಡಿಸ್ಕಿನ ಕೇಬಲ್ಲು ಎಂದು ಕೂಡಿಸುತ್ತ ಹೋದರೆ ಮುದ್ದು ಇಳಿಯುತ್ತದೆ.

ಹಂತ 3. ಡಿಸ್ಕ್. ದುಡ್ಡು ಸುರಿಯಬೇಕಾದದ್ದು ಇಲ್ಲಿ. ಪೆಟ್ಟಿಗೆ ಸತ್ತರೆ ಇನ್ನೊಂದು ತರಬಹುದು, ಅಜ್ಜಿಯ ಫೋಟೊ ತರಲಾಗದು. 4 ಟಿಬಿ ಡಿಸ್ಕು ವಿಂಡೋಸ್‌ನಲ್ಲಿ 3.63 ಎಂದು ತೋರಿಸಿದರೆ ಅಂಗಡಿಯವರ ಜೊತೆ ಜಗಳ ಬೇಡ. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಕಂಪ್ಯೂಟರು 1024ರದ್ದು. ಜಗಳವಾಡಲೇಬೇಕೆಂದರೆ ಈ ಪ್ರಶ್ನೆ ಕೇಳಿ: "ಇದು ಸಿಎಂಆರೋ, ಎಸ್‌ಎಂಆರೋ?" ಎಸ್‌ಎಂಆರ್‌ನಲ್ಲಿ ದತ್ತಾಂಶದ ಪಟ್ಟಿಗಳು ಮಂಗಳೂರು ಹೆಂಚಿನಂತೆ ಒಂದರ ಅಂಚಿನ ಮೇಲೊಂದು ಕೂತಿರುತ್ತವೆ, ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು, ಆದ್ದರಿಂದ ನಿಧಾನ. ನಿಮಗೆ ಬೇಕಾದದ್ದು ಸಿಎಂಆರ್. "ಎಲ್ಲಾ ಒಂದೇ ಸಾರ್, ತಗೊಳ್ಳಿ" ಎಂಬ ಉತ್ತರ ಬಂದರೆ ಮಾಡೆಲ್ ನಂಬರ್ ಬರೆದುಕೊಂಡು ತಯಾರಕರ ಪಟ್ಟಿಯಲ್ಲಿ ನೋಡಿ. ಲೇಬಲ್ ನಂಬಿದರೂ ಸಾಲದು: ಮನೆ ಸರ್ವರ್‌ಗೆಂದೇ ಮಾರಿದ ಕೆಲವು ಡಬ್ಲ್ಯೂಡಿ ರೆಡ್ ಡಿಸ್ಕುಗಳು ಎಸ್‌ಎಂಆರ್ ಎಂಬುದು 2020ರಲ್ಲಿ ಬಯಲಾಗಿತ್ತು.

ಹಂತ 4. ಜಾಗ. ರೂಟರ್ ಪಕ್ಕ, ನೆಲ ಒರೆಸುವ ನೀರು ತಾಗದಷ್ಟು ಮೇಲೆ. ಪ್ಲಗ್ ಮೇಲೆ "ಕೀಳಬೇಡಿ" ಎಂದು ಚೀಟಿ ಅಂಟಿಸಿ. ಮಿಕ್ಸಿ ಹಾಕುವವರು ಅದನ್ನು ಓದುವುದಿಲ್ಲ, ಆದ್ದರಿಂದ ಚಿಕ್ಕ ಯುಪಿಎಸ್ ಕೂಡ ಇರಲಿ.

ಹಂತ 5. ಎರಡು ಡಿಸ್ಕ್ ಜೋಡಿಸಿ, ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಇರುವಂತೆ ರೇಯ್ಡ್ ಮಾಡಿದೆ, ಇನ್ನು ನಿಶ್ಚಿಂತೆ ಎಂದು ಮಲಗಬೇಡಿ. ಮಗು ಒಂದರಲ್ಲಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲೂ ಅಳಿಯುತ್ತದೆ. ಬೇರೆಯೇ ಒಂದು ಡಿಸ್ಕಿಗೆ ನಕಲು ಮಾಡಿ ತಂಗಿಯ ಮನೆಯಲ್ಲಿಡಿ. ಹಬ್ಬಕ್ಕೆ ಹೋದಾಗಲೆಲ್ಲ ಹೊಸದು ತುಂಬಿಸಿ. ಆ ಡಿಸ್ಕಿಗೂ ಸೇರಿಸಿ ದುಡ್ಡು ಕೂಡದಿದ್ದರೆ ಈ ತಿಂಗಳು ಏನನ್ನೂ ಕೊಳ್ಳಬೇಡಿ.