ಮೇಷ್ಟ್ರಿಗೊಂದು ಪರೀಕ್ಷೆ

ಪುಣೆಯಲ್ಲಿ ಮಧ್ಯಾಹ್ನ 1ರಿಂದ 4ರವರೆಗೆ ಸಾಕ್ಷಾತ್ ವಿಠೋಬನೇ ಬಂದರೂ ಅಂಗಡಿ ಬಾಗಿಲು ತೆಗೆಯುವುದಿಲ್ಲ ಎಂಬುದು ಹಳೆಯ ತಮಾಷೆ. ಯಾವುದಕ್ಕೂ ಇರಲಿ ಎಂದು, ಲಂಡನ್ನಿನಿಂದ ಇಲ್ಲಿಗೆ ಇಂಗ್ಲಿಷ್ ಕಲಿಸಲು ಬಂದಿದ್ದ ಮೇಷ್ಟ್ರನ್ನು ಬೆಳಿಗ್ಗೆಯೇ ಗೋಖಲೆನಗರದ ‘ಕಾಮಾಯನಿ’ಗೆ ಕರೆದೊಯ್ದೆ. ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳಿಗೆಂದು ಸಿಂಧುತಾಯಿ ಜೋಶಿಯವರು 1964ರಲ್ಲಿ ಕಟ್ಟಿದ ಸಂಸ್ಥೆ. ದೊಡ್ಡವರಾದ ಮೇಲೆ ದುಡಿಯಲು ಕಾರ್ಯಾಗಾರವೂ ಉಂಟು.

ಮೇಷ್ಟ್ರು ಕರುಣೆಯ ಮುಖ ಹೊತ್ತೇ ಒಳಗೆ ಬಂದರು. ಐದು ನಿಮಿಷವೂ ಉಳಿಯಲಿಲ್ಲ ಅದು. ಹಣತೆಗೆ ಬಣ್ಣ ಬಳಿಯುತ್ತಿದ್ದ ಹುಡುಗನೊಬ್ಬ ಅವರ ಕೈಗೆ ಕುಂಚ ಕೊಟ್ಟ. ಭಕ್ತಿಯಿಂದ ಬಳಿದರು. ಹುಡುಗ ತಿರುಗಿಸಿ ನೋಡಿ, ತುಟಿ ಪಿಟಕ್ಕೆನ್ನದೆ ಪಕ್ಕಕ್ಕೆ ಸರಿಸಿ, ಇನ್ನೊಂದು ಹಣತೆ ಕೊಟ್ಟ. ಅದೂ ನಪಾಸು. ಮೂರನೆಯದಕ್ಕೆ ತಲೆಯಾಡಿಸಿದ. ಹಿಗ್ಗಿದ ಮೇಷ್ಟ್ರು ಅದನ್ನು ಜೇಬಿಗಿಳಿಸಹೊರಟಾಗ, ಅಂಗೈ ಚಾಚಿ ದುಡ್ಡು ಕೇಳಿದ.